ಅಂತರ ಒಂದೇ, ಅವಧಿ ಬೇರೆ

ಮಾನ್ಯ ಸಂಪಾದಕರೇ,

ಎರಡು ದೂರದ ವಿಮಾನ ನಿಲ್ದಾಣಗಳ ನಡುವಿನ ಅಂತರವನ್ನು ಗಂಟೆಗೆ 900 ಕಿ.ಮೀ. ವೇಗದಿಂದ ಭಾಗಿಸಿ ಪ್ರಯಾಣದ ಅವಧಿ ಹೇಳಿಬಿಡುವ ರೂಢಿ ಪತ್ರಿಕಾ ಬರಹಗಳಲ್ಲಿ ಕಾಣುತ್ತದೆ. ಈ ಲೆಕ್ಕ ಓದುಗರನ್ನು ದಾರಿ ತಪ್ಪಿಸುತ್ತದೆ. ಲಂಡನ್ ಮತ್ತು ನ್ಯೂಯಾರ್ಕ್ ನಡುವಿನ ಅಂತರ ಯಾವ ಕಡೆಯಿಂದ ಅಳೆದರೂ ಸುಮಾರು 5,550 ಕಿ.ಮೀ.; ಆದರೆ ಪಶ್ಚಿಮಕ್ಕೆ ಹೊರಟ ವಿಮಾನಕ್ಕೆ ಎದುರಾಗುವ ಜೆಟ್ ಸ್ಟ್ರೀಮ್ (ಬಲು ಎತ್ತರದಲ್ಲಿ ಪೂರ್ವದ ಕಡೆಗೆ ರಭಸದಿಂದ ಬೀಸುವ) ಗಾಳಿಯೇ ಪೂರ್ವಕ್ಕೆ ಮರಳುವಾಗ ಹಿಂದಿನಿಂದ ತಳ್ಳುವುದರಿಂದ, ಹೋಗಲು ಎಂಟು ಗಂಟೆ ಹಿಡಿದರೆ ಬರಲು ಏಳು ಸಾಕಾಗುತ್ತದೆ. 2020ರ ಫೆಬ್ರುವರಿಯಲ್ಲಿ ಬಿರುಗಾಳಿಯ ನೆರವು ಪಡೆದ ವಿಮಾನವೊಂದು ಐದು ಗಂಟೆಗೂ ಮೊದಲೇ ಲಂಡನ್ ತಲುಪಿತ್ತು.

ಗಾಳಿಗಿಂತ ಹೆಚ್ಚಾಗಿ ಕಾಡುವುದು ರಾಜಕೀಯ. 2022ರಲ್ಲಿ ರಷ್ಯಾದ ವಾಯುಪ್ರದೇಶ ಮುಚ್ಚಿದ ಮೇಲೆ, ಮೊದಲು ಒಂಬತ್ತೂವರೆ ಗಂಟೆಯಷ್ಟಿದ್ದ ಹೆಲ್ಸಿಂಕಿ–ಟೋಕಿಯೊ ಹಾರಾಟ ಸುತ್ತುಬಳಸಿ ಸುಮಾರು ಹದಿಮೂರು ಗಂಟೆಗೆ ಏರಿತು. ಅಂತರದ ಪಟ್ಟಿಯಲ್ಲಿ ಮಾತ್ರ ಆ ಹಳೆಯ ನೇರ ದೂರವೇ ಉಳಿದಿದೆ. ಟಿಕೆಟ್ಟಿನ ಮೇಲಿನ ವೇಳೆಗಳೂ ಆಯಾ ಊರಿನ ಸ್ಥಳೀಯ ವೇಳೆಗಳಾದ್ದರಿಂದ, ಅವನ್ನು ಕಳೆದು ಅವಧಿ ತೆಗೆಯುವಂತಿಲ್ಲ. (ಆಕ್ಲೆಂಡ್‌ನಿಂದ ಸಂಜೆ ಹೊರಟವರು ಅದೇ ದಿನಾಂಕದ ಮಧ್ಯಾಹ್ನ ಲಾಸ್ ಏಂಜಲೀಸ್‌ನಲ್ಲಿ ಇಳಿಯುವುದುಂಟು!)

ಆದ್ದರಿಂದ ಅಂತರವನ್ನು ಕೊಡುವಾಗ ಹೋಗುವ ಮತ್ತು ಬರುವ ಅವಧಿಗಳನ್ನು ಬೇರೆಬೇರೆಯಾಗಿ, ಚಾಲ್ತಿಯಲ್ಲಿರುವ ವೇಳಾಪಟ್ಟಿಯನ್ನು ನೋಡಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ಓರ್ವ ಓದುಗ