ಸಕ್ಕರೆ ಕಾಯಿಲೆಯ ಜಾಹೀರಾತುಗಳ ಕುರಿತು ಸೂಚನೆ

ರಾಯಚೂರಿನ ನಮ್ಮ ಮಧುಮೇಹಿಗಳ ಗುಂಪಿನ ಮಾನ್ಯ ಸದಸ್ಯರೇ, ‘ಸಕ್ಕರೆ ಕಾಯಿಲೆಯನ್ನು ಬೇರುಸಮೇತ ಗುಣಪಡಿಸುತ್ತೇವೆ’ ಎನ್ನುವ ಜಾಹೀರಾತುಗಳನ್ನು ದಯವಿಟ್ಟು ಇಲ್ಲಿ ಹಂಚಬೇಡಿ. ಇಂಥ ಪ್ರಚಾರವನ್ನು ತಡೆಯಲೆಂದೇ 1954ರಲ್ಲಿ ಕೇಂದ್ರದ ಕಾಯ್ದೆ ಬಂದಿದ್ದು, ಅದರ ಪಟ್ಟಿಯಲ್ಲಿ ಮಧುಮೇಹವೂ ಸೇರಿದೆ. ಆದರೂ ಮೊಬೈಲ್ ತೆರೆದರೆ ಅವೇ ಕಾಣುತ್ತವೆ ಎಂಬ ನಿಮ್ಮ ಬೇಸರ ನ್ಯಾಯವಾದದ್ದೇ. ಅಮೆರಿಕದಲ್ಲಿ ವೈದ್ಯರ ಚೀಟಿಯಿಲ್ಲದೆ ಸಿಗದ ಔಷಧಗಳನ್ನೂ ಟಿವಿಯಲ್ಲಿ ಪ್ರಚಾರ ಮಾಡಲು ಅವಕಾಶವಿದೆ; ಹಾಗೆಂದು ಅಲ್ಲಿನ ಚುಚ್ಚುಮದ್ದಿನ ವಿಡಿಯೊ ನೋಡಿ ಇಲ್ಲಿನ ಅಂಗಡಿಗಳಲ್ಲಿ ವಿಚಾರಿಸುವುದು ಸರಿಯಲ್ಲ. ಯಾವುದೋ ಪುಡಿಯನ್ನು ನಂಬಿ ಮೆಟ್‌ಫಾರ್ಮಿನ್ ಮಾತ್ರೆ ಅಥವಾ ಇನ್ಸುಲಿನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ. ಮಾತ್ರೆಯ ಖರ್ಚು ಭಾರವೆನಿಸಿದರೆ ಜನೌಷಧಿ ಕೇಂದ್ರದಲ್ಲಿ ಕೇಳಿ. ರಕ್ತದ ಸಕ್ಕರೆಯ ಸುಮಾರು ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ತಪ್ಪಿಸಬೇಡಿ. ಜೋಳದ ರೊಟ್ಟಿಯನ್ನೂ (ಹೇಳಲು ನನಗೇ ಸಂಕಟ) ಎಣಿಸಿಯೇ ತಿನ್ನಬೇಕು.