ಪೌರತ್ವಕ್ಕೆ ಭಾಷೆ ಕೇಳಬಹುದು, ಮತಗಟ್ಟೆಯಲ್ಲಿ ಬೇಡ

ಮಾನ್ಯ ಸಂಪಾದಕರೇ,

ಕನ್ನಡ ಬಾರದ ಹೊರರಾಜ್ಯದ ಕಾರ್ಮಿಕರ ಹೆಸರನ್ನು ಹುಬ್ಬಳ್ಳಿ-ಧಾರವಾಡದ ಮತದಾರರ ಪಟ್ಟಿಗೆ ಸೇರಿಸಬಾರದು, ಸೇರಿಸಲೇಬೇಕೆಂದರೆ ಅಮೆರಿಕದಲ್ಲಿ ಇಂಗ್ಲಿಷ್ ಪರೀಕ್ಷೆ ಇರುವಂತೆ ಇಲ್ಲಿಯೂ ಒಂದು ಕನ್ನಡ ಪರೀಕ್ಷೆ ಇರಲಿ ಎಂಬ ಮಾತು ಈಚೆಗೆ ವಾಚಕರ ಪತ್ರಗಳಲ್ಲಿಯೂ, ಬೆಳಗಿನ ವಾಕಿಂಗಿಗೆ ಸೇರುವ ಹಿರಿಯರ ನಡುವೆಯೂ ಮತ್ತೆ ಮತ್ತೆ ಕೇಳಿಬರುತ್ತಿದೆ. ಹೀಗೆ ಹೇಳುವವರ ಕನ್ನಡಾಭಿಮಾನದ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಧಾರವಾಡದ ನ್ಯಾಯಾಲಯಗಳಲ್ಲಿ ಬಹುಕಾಲ ವಕೀಲಿ ಮಾಡಿದವನಾಗಿ ಹೇಳುವುದಾದರೆ, ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಕಲಸಿಹೋಗಿವೆ. ಪರದೇಶದವನೊಬ್ಬ ಈ ದೇಶದ ಪೌರನಾಗುವುದು ಹೇಗೆ ಎಂಬುದು ಒಂದು. ಈಗಾಗಲೇ ಪೌರನಾದವನು ಎಲ್ಲಿ ಮತ ಹಾಕಬೇಕು ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಭಾಷೆಗೆ ಒಂದು ಸ್ಥಾನವಿದೆ. ಎರಡನೆಯದರಲ್ಲಿ ಇಲ್ಲ, ಇರಲೂಕೂಡದು.

ನಮ್ಮ ಕಾನೂನಿನಲ್ಲಿ ಭಾಷೆಯ ಷರತ್ತೇ ಇಲ್ಲ ಎಂದು ಅನೇಕರು ತಿಳಿದಿದ್ದಾರೆ. ಇದೆ. 1955ರ ಪೌರತ್ವ ಕಾಯ್ದೆಯ 6ನೇ ಕಲಮಿನಡಿ ದೇಶೀಕರಣದ, ಅಂದರೆ ಇಲ್ಲಿ ಬಹುಕಾಲ ನೆಲೆಸಿ ಪೌರನಾಗುವ ದಾರಿಯ, ಮೂಲಕ ಭಾರತೀಯನಾಗಬಯಸುವವನಿಗೆ ಇರಬೇಕಾದ ಅರ್ಹತೆಗಳನ್ನು ಆ ಕಾಯ್ದೆಯ ಮೂರನೆಯ ಅನುಸೂಚಿ ಹೇಳುತ್ತದೆ: ಅರ್ಜಿಗೆ ಮುಂಚಿನ 12 ತಿಂಗಳು ಎಡೆಬಿಡದ ವಾಸ, ಅದಕ್ಕೂ ಹಿಂದಿನ 14 ವರ್ಷಗಳಲ್ಲಿ ಒಟ್ಟು 11 ವರ್ಷಗಳ ವಾಸ, ಸನ್ನಡತೆ, ಇವುಗಳ ಜೊತೆಗೆ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಯಾವುದಾದರೂ ಒಂದು ಭಾಷೆಯ ತಕ್ಕಮಟ್ಟಿನ ಜ್ಞಾನ. ಆ ಅನುಸೂಚಿಯಲ್ಲಿರುವ 22 ಭಾಷೆಗಳಲ್ಲಿ ಕನ್ನಡವಿದೆ, ಇಂಗ್ಲಿಷ್ ಇಲ್ಲ. ಲಂಡನ್ನಿನಿಂದ ಬಂದು ಇಂಗ್ಲಿಷ್ ಒಂದನ್ನೇ ನೆಚ್ಚಿ ಕುಳಿತವನಿಗೆ ಈ ದಾರಿಯಲ್ಲಿ ಭಾರತದ ಪೌರತ್ವ ಸಿಗದು ಎಂಬುದನ್ನು ಕೇಳಿದಾಗ ನಮ್ಮ ಬಾರ್ ರೂಮಿನ ಹಿರಿಯ ವಕೀಲರೇ ಹುಬ್ಬೇರಿಸಿದ್ದುಂಟು. ಆದರೆ ಭಾರತೀಯರನ್ನು ಮದುವೆಯಾಗಿ 7 ವರ್ಷ ಇಲ್ಲಿ ನೆಲೆಸಿ, 5ನೇ ಕಲಮಿನಡಿ ನೋಂದಣಿಗೆ ಅರ್ಜಿ ಹಾಕುವವರಿಗೆ ಈ ಭಾಷೆಯ ಷರತ್ತು ಅನ್ವಯಿಸುವುದಿಲ್ಲ. ಇನ್ನು ಪೌರತ್ವವು ಸಂಸತ್ತು ಮಾತ್ರ ಕಾನೂನು ಮಾಡಬಹುದಾದ ಕೇಂದ್ರಪಟ್ಟಿಯ 17ನೇ ವಿಷಯವಾದ್ದರಿಂದ, ಹುಬ್ಬಳ್ಳಿಯಲ್ಲಿ ನೆಲೆಸಿದವನು ಕನ್ನಡವನ್ನೇ ಕಲಿತಿರಬೇಕೆಂದು ನಮ್ಮ ವಿಧಾನಸಭೆ ಕಾನೂನು ಮಾಡಲಾರದು.

ಅಮೆರಿಕದ ಪರೀಕ್ಷೆಯನ್ನು ಮಾದರಿ ಎನ್ನುವವರು ಅದರ ವಿವರಗಳನ್ನೂ ನೋಡಬೇಕು. ಬೆಟಗೇರಿಯಲ್ಲಿ ಬಾಳಿದ ನನ್ನ ಹಿರಿಯ ಅಕ್ಕ ಈಗ ಮಗನ ಜೊತೆ ನ್ಯೂಜೆರ್ಸಿಯಲ್ಲಿದ್ದಾಳೆ. ಗ್ರೀನ್ ಕಾರ್ಡ್ ಸಿಕ್ಕು 5 ವರ್ಷ ಕಳೆದ ಮೇಲೆ ಅರ್ಜಿ ಹಾಕಿರುವ ಆಕೆ, ಅಧಿಕಾರಿ ಕೊಡುವ ಮೂರು ಇಂಗ್ಲಿಷ್ ವಾಕ್ಯಗಳಲ್ಲಿ ಒಂದನ್ನು ಸರಿಯಾಗಿ ಓದಬೇಕು, ಅವರು ಹೇಳಿ ಬರೆಸುವ ಮೂರರಲ್ಲಿ ಒಂದನ್ನು ಬರೆಯಬೇಕು, ಆ ದೇಶದ ಆಡಳಿತ ಮತ್ತು ಇತಿಹಾಸದ ಪ್ರಶ್ನೆಗಳಿಗೆ ಉತ್ತರಿಸಬೇಕು. ಹೀಗಾಗಿ ಇಲ್ಲಿಂದ ಒಯ್ದ ಪಂಚಾಂಗದ ಖಾಲಿ ಹಾಳೆಗಳಲ್ಲಿ ವಾಷಿಂಗ್ಟನ್, ಲಿಂಕನ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ತಿದ್ದುತ್ತಿದ್ದಾಳೆ. ಏಕಾದಶಿ ಯಾವಾಗ ಎಂಬುದರ ಪಕ್ಕದಲ್ಲಿಯೇ ಮೊದಲನೆಯ ಅಧ್ಯಕ್ಷನ ಹೆಸರಿದೆ. ಅದೇ ಕಾನೂನು 50 ವರ್ಷ ದಾಟಿ 20 ವರ್ಷ, ಇಲ್ಲವೇ 55 ದಾಟಿ 15 ವರ್ಷ ಕಾಯಂ ನಿವಾಸಿಯಾಗಿದ್ದವರಿಗೆ ಇಂಗ್ಲಿಷಿನಿಂದ ವಿನಾಯಿತಿ ಕೊಡುತ್ತದೆ. ಅಂಥವರು ದುಭಾಷಿಯ ನೆರವಿನಿಂದ ಕನ್ನಡದಲ್ಲಿಯೇ ಉತ್ತರ ಹೇಳಬಹುದು. ಜರ್ಮನಿಯವರು ಪೌರತ್ವಕ್ಕೆ ಇದಕ್ಕಿಂತ ಹೆಚ್ಚಿನ, ಬಿ1 ಎಂಬ ಮಧ್ಯಮ ಮಟ್ಟದ ಜರ್ಮನ್ ಕೇಳುತ್ತಾರೆ. ಆದರೆ ವಲಸೆ ಬಂದವರಿಗಾಗಿ 600 ಪಾಠಗಳ ಭಾಷಾ ತರಗತಿಯನ್ನೂ ಸರಕಾರದ ನೆರವಿನಿಂದ ನಡೆಸುತ್ತಾರೆ. ಕಲಿಸಿ ಕೇಳುವುದು ನ್ಯಾಯ.

ಕಲಿಸುವ ಮನಸ್ಸಿಲ್ಲದೆ ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯದ ಇತಿಹಾಸವಿದೆ. ಅಲ್ಲಿ 1901ರಲ್ಲಿ ಬಂದ ವಲಸೆ ನಿರ್ಬಂಧ ಕಾಯ್ದೆಯು ಬಂದರಿನಲ್ಲಿ ಇಳಿಯುವವನಿಗೆ ಯಾವುದಾದರೂ ಐರೋಪ್ಯ ಭಾಷೆಯಲ್ಲಿ 50 ಪದಗಳ ಉಕ್ತಲೇಖನ ಕೊಡುವ ಅಧಿಕಾರವನ್ನು ಅಧಿಕಾರಿಗೆ ನೀಡಿತ್ತು. ಭಾಷೆಯನ್ನು ಆರಿಸುವವನು ಅಧಿಕಾರಿ, ಬಂದವನಲ್ಲ. ಬಣ್ಣ ನೋಡಿ ಹೊರಗಿಡುವುದಕ್ಕೆಂದೇ ಹೂಡಿದ್ದ ಉಪಾಯ ಇದು. ಕಾಯ್ದೆಯಲ್ಲಿ ಮಾತ್ರ ಬಣ್ಣದ ಮಾತಿಲ್ಲ. 1934ರಲ್ಲಿ ಎಗಾನ್ ಕಿಶ್ ಎಂಬ ಪತ್ರಕರ್ತ ಅಲ್ಲಿಗೆ ಬಂದ. ಹಿಟ್ಲರನ ವಿರೋಧಿಯಾದ ಆತ ಸರಕಾರಕ್ಕೆ ಬೇಡವಾಗಿದ್ದ, ಆದರೆ ಹಲವು ಐರೋಪ್ಯ ಭಾಷೆಗಳನ್ನು ಬಲ್ಲವನಾಗಿದ್ದ. ಕಡೆಗೆ ಅವನಿಗೆ ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ಪರೀಕ್ಷೆ ಕೊಟ್ಟು ನಪಾಸು ಮಾಡಿದರು. ವಿಷಯ ಆ ದೇಶದ ಹೈಕೋರ್ಟಿಗೆ ಹೋಯಿತು. ಸ್ಕಾಟಿಷ್ ಗೇಲಿಕ್ ಆ ಕಾಯ್ದೆಯ ಅರ್ಥದಲ್ಲಿ ಐರೋಪ್ಯ ಭಾಷೆಯಲ್ಲ ಎಂದು ಹೇಳಿ ನ್ಯಾಯಾಧೀಶರು ಅವನನ್ನು ಬಿಡಿಸಬೇಕಾಯಿತು. ಇಷ್ಟಾದ ಮೇಲೂ ಆ ಪರೀಕ್ಷೆ ರದ್ದಾದದ್ದು 1958ರಲ್ಲಿ.

ಅದು ಗಡಿಯ ಬಾಗಿಲಿನ ಪರೀಕ್ಷೆಯಾಯಿತು. ಮತಪಟ್ಟಿಯ ಬಾಗಿಲಲ್ಲಿಯೂ ಇಂಥದನ್ನು ಇಟ್ಟವರಿದ್ದರು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಹೆಸರು ನೋಂದಾಯಿಸಲು ಬಂದವನಿಗೆ ಓದಿಸುವ, ಬರೆಯಿಸುವ, ಸಂವಿಧಾನದ ಸಾಲಿಗೆ ಅರ್ಥ ಹೇಳಿಸುವ ಪದ್ಧತಿಯಿತ್ತು. ಬಿಳಿಯನು ತಡವರಿಸಿದರೂ ಪಾಸು, ಕರಿಯನು ಕಾಲೇಜು ಕಲಿತವನಾದರೂ ನಪಾಸು. 1965ರ ಮತದಾನ ಹಕ್ಕುಗಳ ಕಾಯ್ದೆ ಇದನ್ನು ಆ ರಾಜ್ಯಗಳಲ್ಲಿ ತಡೆಯಿತು, 1975ರ ತಿದ್ದುಪಡಿ ದೇಶದಾದ್ಯಂತ ಶಾಶ್ವತವಾಗಿ ನಿಲ್ಲಿಸಿತು. ಅದೇ ತಿದ್ದುಪಡಿಯಂತೆ, ಇಂಗ್ಲಿಷ್ ಸರಿಯಾಗಿ ಬಾರದ ಭಾಷಾ ಅಲ್ಪಸಂಖ್ಯಾತ ಮತದಾರರು ಗೊತ್ತುಪಡಿಸಿದ ಪ್ರಮಾಣಕ್ಕಿಂತ ಹೆಚ್ಚಿರುವ ಕಡೆ ಮತಪತ್ರವನ್ನು ಅವರ ಭಾಷೆಯಲ್ಲಿಯೂ ಮುದ್ರಿಸಬೇಕು. ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ ಬಂಗಾಳಿಯಲ್ಲಿ ಮತಪತ್ರ ಇರುವುದು ಇದರಿಂದಲೇ. ಎಂದರೆ ನಮ್ಮವರು ಮಾದರಿಯೆಂದು ತೋರಿಸುವ ದೇಶದಲ್ಲಿಯೇ ಪೌರತ್ವಕ್ಕೆ ಇಂಗ್ಲಿಷ್ ಬೇಕು, ಮತಕ್ಕೆ ಬೇಕಿಲ್ಲ.

ಬ್ರಿಟಿಷರ ಕಾಲದಲ್ಲಿ ನಮ್ಮಲ್ಲಿಯೂ ಆಸ್ತಿ, ತೆರಿಗೆ, ಅಕ್ಷರಜ್ಞಾನ ಇದ್ದವರಿಗೆ ಮಾತ್ರ ಮತವಿತ್ತು. ಸಂವಿಧಾನದ 326ನೇ ವಿಧಿ ಅದನ್ನೆಲ್ಲ ಬದಿಗಿರಿಸಿ ವಯಸ್ಕರಾದ ಎಲ್ಲ ಪೌರರಿಗೂ ಮತ ಕೊಟ್ಟಿತು. ಓದುಬರಹ ಬಾರದವರೂ ಗುರುತಿಸಲೆಂದು 1951-52ರ ಮೊದಲ ಚುನಾವಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಪ್ರತ್ಯೇಕ ಮತಪೆಟ್ಟಿಗೆ ಇಟ್ಟಿದ್ದರು. ಸಹಿ ಮಾಡಲು ಬಾರದ ನಮ್ಮ ಅಜ್ಜಿಯಂದಿರು ಜೋಡೆತ್ತಿನ ಚಿತ್ರ ನೋಡಿ ಮತ ಹಾಕಿದ ಜಿಲ್ಲೆ ಇದು. ಇಲ್ಲಿ ನಿಂತು ಬಿಹಾರದ ಹುಡುಗನಿಗೆ ‘ಕನ್ನಡ ಓದಿ ತೋರಿಸು’ ಎನ್ನುವುದು ನನಗಂತೂ ಒಪ್ಪುವ ಮಾತಲ್ಲ.

1950ರ ಜನಪ್ರತಿನಿಧಿ ಕಾಯ್ದೆ ಮತದಾರನಿಂದ ಕೇಳುವುದು 18 ವರ್ಷ ವಯಸ್ಸು ಮತ್ತು ಆ ಕ್ಷೇತ್ರದಲ್ಲಿ ಸಾಮಾನ್ಯ ವಾಸ. ಅದೇ ಕಾಯ್ದೆಯ 20ನೇ ಕಲಮಿನಂತೆ, ಒಂದೂರಲ್ಲಿ ಸ್ವಂತ ಮನೆ ಇದೆ ಎಂಬ ಒಂದೇ ಕಾರಣಕ್ಕೆ ಯಾರೂ ಅಲ್ಲಿನ ಸಾಮಾನ್ಯ ನಿವಾಸಿಯಾಗುವುದಿಲ್ಲ. ತಾರಿಹಾಳ ಕೈಗಾರಿಕಾ ಪ್ರದೇಶದ ಶೆಡ್ಡಿನಲ್ಲಿ ವರ್ಷಗಟ್ಟಲೆ ದುಡಿದು ಅಲ್ಲಿಯೇ ಬಾಡಿಗೆಗೆ ಇರುವ ಒಡಿಶಾದವನಿಗಿಂತ, ಧಾರವಾಡದ ಮನೆಗೆ ಬೀಗ ಹಾಕಿ ಪುಣೆಯಲ್ಲಿ ಕಾಯಂ ಆಗಿ ನೆಲೆಸಿರುವ ಕನ್ನಡಿಗನ ಹೆಸರು ಇಲ್ಲಿನ ಪಟ್ಟಿಯಲ್ಲಿರುವುದೇ ಹೆಚ್ಚು ಪ್ರಶ್ನಾರ್ಹ. ಇದನ್ನು ನಮ್ಮ ಗೆಳೆಯರು ಸುಲಭವಾಗಿ ಒಪ್ಪಲಾರರು.

ಪಟ್ಟಿಯಲ್ಲಿ ವಿದೇಶಿಯರು ನುಸುಳಬಾರದು ಎಂಬ ಆತಂಕ ಸರಿಯಾದದ್ದೇ. ಪೌರರಲ್ಲದವರ ಹೆಸರು ಸೇರಿದ್ದರೆ ಆಕ್ಷೇಪಣೆ ಸಲ್ಲಿಸಿ ತೆಗೆಸಲು ಅವಕಾಶವಿದೆ. ಅರ್ಜಿಯಲ್ಲಿ ಸುಳ್ಳು ಘೋಷಣೆ ಮಾಡಿದವರಿಗೆ ಅದೇ 1950ರ ಕಾಯ್ದೆಯ 31ನೇ ಕಲಮಿನಡಿ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಆದರೆ ನುಸುಳುಕೋರರನ್ನು ಭಾಷೆಯಿಂದ ಕಂಡುಹಿಡಿಯಹೊರಟರೆ ಮೊದಲು ಸಿಕ್ಕಿಬೀಳುವವನು ಪಶ್ಚಿಮ ಬಂಗಾಳದ ಗಾರೆ ಕೆಲಸದವನು. ಬಂಗಾಳಿಯೂ ಆ 22 ಭಾಷೆಗಳಲ್ಲಿ ಒಂದು.

ಭಾಷೆ ಬಂದರೂ ಮತವಿಲ್ಲದವರನ್ನು ನೋಡಬೇಕೆಂದರೆ ಹುಬ್ಬಳ್ಳಿಯಿಂದ ಮುಂಡಗೋಡಕ್ಕೆ ಹೋದರೆ ಸಾಕು. 1966ರಲ್ಲಿ ಆರಂಭವಾದ ಅಲ್ಲಿಯ ಟಿಬೆಟನ್ ಕ್ಯಾಂಪಿನ ಎಷ್ಟೋ ಜನ ನಮ್ಮಂತೆಯೇ ಕನ್ನಡ ಆಡುತ್ತಾರೆ. ಚಳಿಗಾಲದಲ್ಲಿ ಸ್ವೆಟರ್ ಮಾರಲು ಕುಳಿತ ಟಿಬೆಟನ್ ಹೆಣ್ಣುಮಗಳೊಬ್ಬಳು ಚೌಕಾಸಿಗೆ ನಿಂತ ನನ್ನ ಹೆಂಡತಿಗೆ, “ಇದರಾಗ ಕಮ್ಮಿ ಆಗೂದಿಲ್ರಿ ಅಕ್ಕಾರ, ಬೇಕಾದ್ರ ಬ್ಯಾರೆ ಕಡೆ ಕೇಳಿ ಬರ್ರಿ” ಎಂದದ್ದನ್ನು ನಾನೇ ಕೇಳಿದ್ದೇನೆ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುಂಚೆ ಈ ನೆಲದಲ್ಲಿ ಹುಟ್ಟಿದ ಟಿಬೆಟನ್ನರು ಜನ್ಮದಿಂದಲೇ ಭಾರತೀಯ ಪೌರರು ಎಂಬುದನ್ನು ಕರ್ನಾಟಕ ಹೈಕೋರ್ಟು 2013ರಲ್ಲಿ ಎತ್ತಿಹಿಡಿಯಿತು. ಮರುವರ್ಷ ಚುನಾವಣಾ ಆಯೋಗ ಅವರ ಹೆಸರುಗಳನ್ನು ಪಟ್ಟಿಗೆ ಸೇರಿಸಲು ಸೂಚಿಸಿತು. ಅವರ ತಂದೆತಾಯಂದಿರು ಮಾತ್ರ ವಿದೇಶಿಯರ ನೋಂದಣಿ ಪತ್ರವನ್ನು ನವೀಕರಿಸುತ್ತಲೇ ಮುಪ್ಪಾದರು. ಟಿಬೆಟಿನ ಹೋರಾಟದ ನೆನಪಿಗಾಗಿ ಭಾರತದ ಪೌರತ್ವವನ್ನು ತಾವಾಗಿಯೇ ಬಯಸದವರೂ ಅವರಲ್ಲಿ ಇದ್ದಾರೆ. ಬಯಸಿ ಅರ್ಜಿ ಹಾಕುವವರ ವಿಷಯದಲ್ಲಿಯಾದರೂ, ಅವರು ಕಲಿತ ಕನ್ನಡವನ್ನು ಮೂರನೆಯ ಅನುಸೂಚಿಯ ಪ್ರಕಾರ ಅವರ ಪರವಾಗಿ ಎಣಿಸಿ ಬೇಗ ತೀರ್ಮಾನ ಕೊಡಬೇಕು. ಬ್ರಿಟನ್ನು ಅಲ್ಲಿ ವಾಸಿಸುವ ಭಾರತೀಯರಿಗೆ, ಕಾಮನ್‌ವೆಲ್ತ್ ದೇಶದವರೆಂಬ ಕಾರಣಕ್ಕೆ, ಪೌರತ್ವವಿಲ್ಲದೆಯೂ ಪಾರ್ಲಿಮೆಂಟ್ ಚುನಾವಣೆಯಲ್ಲಿ ಮತ ಕೊಟ್ಟಿದೆ. ನ್ಯೂಜಿಲೆಂಡ್ 1975ರಿಂದಲೂ ಕಾಯಂ ನಿವಾಸಿಗಳಿಗೆ ಕೊಡುತ್ತ ಬಂದಿದೆ. ಅಷ್ಟು ದೂರ ಹೋಗಬೇಕೆಂದು ನಾನು ಹೇಳುವುದಿಲ್ಲ.

ಇನ್ನು ಕನ್ನಡದ ಷರತ್ತು ಹಾಕಬೇಕೆನ್ನುವವರು ಒಮ್ಮೆ ಗೋವೆಯ ಕಡೆ ನೋಡಬೇಕು. ರೋಣ, ಗಜೇಂದ್ರಗಡ, ಶಿರಹಟ್ಟಿ, ಸವಣೂರು ಕಡೆಯಿಂದ ದುಡಿಯಲು ಹೋಗಿ ವಾಸ್ಕೋದಲ್ಲಿ ನೆಲೆಸಿದ ನಮ್ಮ ಜನ ಅಲ್ಲಿ ‘ಘಾಟಿ’ ಎಂಬ ಹೀಯಾಳಿಕೆಯನ್ನು ಕೇಳಿಕೊಂಡೇ ಬದುಕಿದ್ದಾರೆ, ಅಲ್ಲಿಯ ಮತದಾರರೂ ಆಗಿದ್ದಾರೆ. ನಾಳೆ ಗೋವೆಯವರು ಕೊಂಕಣಿ ಓದಿದವರಿಗೆ ಮಾತ್ರ ಮತ ಎಂದರೆ ಗದಗ, ಹಾವೇರಿಯಿಂದ ಮೊದಲು ಬಸ್ಸು ಹತ್ತಿ ಪ್ರತಿಭಟನೆಗೆ ಹೊರಡುವವರು ನಾವೇ.

ಹೊರಗಿನಿಂದ ಬಂದವರು ಕನ್ನಡ ಕಲಿಯಲೇಬೇಕೆಂಬುದು ನನ್ನ ಆಗ್ರಹವೂ ಹೌದು. ಆದರೆ ದಿನಕ್ಕೆ ಹನ್ನೆರಡು ತಾಸು ದುಡಿಯುವವನು ಎಲ್ಲಿ ಕಲಿಯಬೇಕು? ತಾರಿಹಾಳ, ಗೋಕುಲ ರಸ್ತೆ, ಬೇಲೂರು ಕೈಗಾರಿಕಾ ಪ್ರದೇಶಗಳ ಹತ್ತಿರದ ಸರಕಾರಿ ಶಾಲೆಗಳು ಸಂಜೆ ಐದರ ನಂತರ ಖಾಲಿ ಇರುತ್ತವೆ. ಅಲ್ಲಿ ವಾರಕ್ಕೆ ಮೂರು ಸಂಜೆ ಆಡುಮಾತಿನ ಕನ್ನಡ ಕಲಿಸುವ ವ್ಯವಸ್ಥೆಯನ್ನು ಕನ್ನಡ ಅಭಿವೃದ್ಧಿ ಪ್ರಾಧಿಕಾರ, ಮಹಾನಗರ ಪಾಲಿಕೆ ಮತ್ತು ಕಾರ್ಖಾನೆಗಳ ಮಾಲೀಕರು ಕೂಡಿ ಮಾಡಲಿ. ಮಾಲೀಕರು ಒಂದು ತಾಸು ಮೊದಲೇ ಕೆಲಸ ಬಿಡಿಸಲಿ. ನಿವೃತ್ತ ಶಿಕ್ಷಕರಿಗೆ ಈ ಊರಿನಲ್ಲಿ ಕೊರತೆಯಿಲ್ಲ. ಹಳೆಯ ಊರಿನ ಪಟ್ಟಿಯಿಂದ ಇಲ್ಲಿಗೆ ಹೆಸರು ವರ್ಗಾಯಿಸುವ ನಮೂನೆ 8ನ್ನು ತುಂಬುವುದು ಹೇಗೆಂದು ಬಿಎಲ್‌ಒಗಳು (ಮತಗಟ್ಟೆ ಮಟ್ಟದ ಅಧಿಕಾರಿಗಳು) ಅದೇ ತರಗತಿಗೆ ಬಂದು ತೋರಿಸಿಕೊಟ್ಟರೆ, ಒಬ್ಬನ ಹೆಸರು ಎರಡು ಕಡೆ ಉಳಿಯುವ ತೊಂದರೆಯೂ ತಪ್ಪುತ್ತದೆ.

ನಿವೃತ್ತ ವಕೀಲ,
ಮಾಳಮಡ್ಡಿ, ಧಾರವಾಡ