ಗಾಂಧೀಜಿ ಸಹಿಯ ಫೋಟೋ ಕೊಳ್ಳಹೊರಟ ಸೋದರಳಿಯನಿಗೆ

ಚಿರಂಜೀವಿ ಅಳಿಯನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ, ನಿಮ್ಮೆಲ್ಲರ ಕ್ಷೇಮಕ್ಕೆ ಆಗಾಗ ಬರೆಯುತ್ತಿರು. ಗಾಂಧೀಜಿಯವರ ಹಸ್ತಾಕ್ಷರವಿರುವ ಹಳೆಯ ಫೋಟೋ ಒಂದು ಮಾರಾಟಕ್ಕೆ ಬಂದಿದೆಯೆಂದೂ, ಕೂಡಿಟ್ಟ ಹಣದಲ್ಲಿ ದೊಡ್ಡ ಪಾಲನ್ನು ಅದಕ್ಕೆ ಹಾಕುವ ಮನಸ್ಸಿದೆಯೆಂದೂ ತಿಳಿಸಿದ್ದೀಯೆ. ಕೊಳ್ಳಲೇಬೇಡವೆಂದು ನಾನು ಹೇಳುವುದಿಲ್ಲ. ಇಂಥ ವಸ್ತುಗಳ ಮೇಲಿನ ಆಸೆ ಎಂಥದೆಂದು ನನಗೂ ಗೊತ್ತು. ಆದರೆ ಸಹಿಗೆ ಮರುಳಾಗುವ ಮೊದಲು, ಅದು ಬಿದ್ದಿರುವ ಕಾಗದವನ್ನೂ ಅದರ ಜೊತೆಗೆ ಬಂದಿರುವ ಕಥೆಯನ್ನೂ ಚೆನ್ನಾಗಿ ಪರೀಕ್ಷಿಸಬೇಕೆಂಬುದು ನನ್ನ ಅಭಿಪ್ರಾಯ.

ಮಾರುವವರ ಅಜ್ಜ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಅಸ್ಪೃಶ್ಯತೆ ತೊಲಗಿಸಲು ಗಾಂಧೀಜಿ ಕೂಡಿಸುತ್ತಿದ್ದ ಹರಿಜನ ನಿಧಿಗೆ 5 ರೂಪಾಯಿ ಕೊಟ್ಟು ಈ ಸಹಿ ಹಾಕಿಸಿಕೊಂಡರೆಂದು ಬರೆದಿದ್ದೀಯಲ್ಲ, ನನಗೆ ಮೊದಲು ಅನುಮಾನ ಬಂದದ್ದೇ ಅಲ್ಲಿ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಬೆಳಗಾವಿಯದೆಂಬುದು ನಿಜ. ಹರಿಜನ ನಿಧಿಗಾಗಿ ಸಹಿಗೆ 5 ರೂಪಾಯಿ ಪಡೆಯುತ್ತಿದ್ದರೆಂಬುದೂ ನಿಜ. ಆದರೆ ಈ ಎರಡು ನಿಜಗಳು ಒಂದೇ ಕಾಲದವಲ್ಲ. ಹರಿಜನ ಸೇವಕ ಸಂಘ ಹುಟ್ಟಿದ್ದು 1932ರ ಸೆಪ್ಟೆಂಬರಿನಲ್ಲಿ, ಯರವಡಾ ಸೆರೆಮನೆಯ ಉಪವಾಸ ಮುಗಿದ ಮೇಲೆ. ಆ ನಿಧಿ ಕೂಡಿಸುತ್ತ ಅವರು ದೇಶ ಸುತ್ತಲು ಹೊರಟದ್ದು 1933ರ ನವೆಂಬರಿನಲ್ಲಿ. ಕೊಡಗು, ಮಂಗಳೂರು, ಉಡುಪಿಗಳಿಗೆ ಬಂದದ್ದು 1934ರ ಫೆಬ್ರುವರಿಯಲ್ಲಿ. ಅದಕ್ಕೆ ಹಿಂದಿನ ತಿಂಗಳು ಕೇರಳದ ವಡಗರದಲ್ಲಿ ಕೌಮುದಿ ಎಂಬ ಹುಡುಗಿ ಮೈಮೇಲಿನ ಒಡವೆಗಳನ್ನು ಒಂದೊಂದಾಗಿ ಬಿಚ್ಚಿ ಕೊಟ್ಟು ಹಸ್ತಾಕ್ಷರ ಕೇಳಿದಾಗ, ನೀನು ಬಿಟ್ಟುಕೊಟ್ಟ ಒಡವೆಗಿಂತ ನಿನ್ನ ತ್ಯಾಗವೇ ದೊಡ್ಡ ಒಡವೆ ಎಂಬರ್ಥದ ಮಾತು ಬರೆದು ಸಹಿ ಮಾಡಿಕೊಟ್ಟರು. ಹೀಗೆ ಊರು, ತಿಂಗಳು, ಪ್ರಸಂಗ ಮೂರೂ ಒಂದಕ್ಕೊಂದು ಹೊಂದಿಕೊಂಡಿರುವ ಸಹಿಯನ್ನು ನಂಬಬಹುದು. ಅಜ್ಜನವರು ಇಸವಿ ಮರೆತಿರಲೂಬಹುದು, ಅಂಥದು ನಮ್ಮ ಮನೆಯಲ್ಲೂ ಉಂಟು; ಹಾಗಿದ್ದರೆ ಮನೆಯವರ ಬಳಿ ಆ ಕಾಲದ ಒಂದು ಕಾಗದ, ದಿನಚರಿಯ ಒಂದು ಪುಟ, ಫೋಟೋದ ಹಿಂಬದಿಯಲ್ಲಿ ಸ್ಟುಡಿಯೋದ ಮುದ್ರೆ, ಇವುಗಳಲ್ಲಿ ಯಾವುದಾದರೂ ಒಂದು ಇರಬೇಕು. ಇನ್ನೊಂದನ್ನೂ ಗಮನಿಸು. ಚಿತ್ರ ತೆಗೆದ ಮೇಲಲ್ಲವೆ ಅದರ ಮೇಲೆ ಸಹಿ ಬೀಳುವುದು? ಕೈಯಲ್ಲಿ ಕೋಲು ಹಿಡಿದು ದಂಡಿಯತ್ತ ನಡೆಯುತ್ತಿರುವ ಚಿತ್ರವಾದರೆ ಅದು 1930ರದು. ಅದಕ್ಕೆ 1924ರಲ್ಲಿ ಸಹಿ ಮಾಡಲು ಯಾರಿಂದಲೂ ಆಗದು.

ಕಾಗದದ ವಿಷಯಕ್ಕೆ ಬರುತ್ತೇನೆ. ಮೊದಲು ಭೂತಗನ್ನಡಿ ಹಿಡಿದು ಮುಖದ ಭಾಗವನ್ನು ನೋಡು. ಪತ್ರಿಕೆಯ ಚಿತ್ರದಲ್ಲಿರುವಂತೆ ಸಾಲುಸಾಲಾಗಿ ಚುಕ್ಕಿಗಳು ಕಂಡರೆ ಅದು ಮುದ್ರಣಯಂತ್ರದಿಂದ ಬಂದದ್ದು, ಫೋಟೋ ಅಲ್ಲ. ಆಮೇಲೆ ಅದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿ: ಕೈಯಿಂದ ಮಾಡಿದ ಸಹಿಯಾದರೆ ಶಾಯಿಯ ಹೊಳಪು ಬೇರೆ, ಚಿತ್ರದ ಹೊಳಪು ಬೇರೆಯಾಗಿ ಕಾಣುತ್ತದೆ, ಸಹಿಯಿದ್ದ ಚಿತ್ರದಿಂದ ಮತ್ತೊಂದು ಪ್ರತಿ ತೆಗೆದಿದ್ದರೆ ಎರಡೂ ಒಂದೇ ಪದರದಲ್ಲಿ ಅಡಗಿರುತ್ತವೆ. ಎಷ್ಟೋ ಮಂದಿ ಮೋಸಹೋಗುವುದು ಇಂಥ ಪ್ರತಿಗಳಲ್ಲೇ, ಏಕೆಂದರೆ ಅಲ್ಲಿ ಸಹಿಯ ಅಕ್ಷರ ಗಾಂಧೀಜಿಯವರದೇ ಆಗಿರುತ್ತದೆ. ಬಾಲ್ ಪೆನ್ನಿನ ಗೆರೆಯಂತಿದ್ದರೆ ಇನ್ನೂ ಎಚ್ಚರವಿರಲಿ. ಅಮೆರಿಕದ ಅಂಗಡಿಗಳಿಗೇ ಆ ಪೆನ್ನು ಬಂದದ್ದು 1945ರಲ್ಲಿ. ಕೊನೆಗೆ, ನೋಟು ಪರೀಕ್ಷಿಸಲು ಅಂಗಡಿಯವರು ಇಟ್ಟುಕೊಳ್ಳುವ ನೇರಳಾತೀತ ಬೆಳಕಿನ ಪುಟ್ಟ ಟಾರ್ಚನ್ನು ಕತ್ತಲೆಯ ಕೋಣೆಯಲ್ಲಿ ಫೋಟೋದ ಹಿಂಬದಿಗೂ ಅಂಚಿಗೂ ಹಾಯಿಸು. ಫೋಟೋ ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕ ಬೆರೆಸುವ ರೂಢಿ ಬಂದದ್ದು 1950ರ ದಶಕದಿಂದೀಚೆಗೆ. ಕಾಗದ ನೀಲಿಯಾಗಿ ಝಗ್ಗೆಂದು ಹೊಳೆದರೆ ಅದು ಗಾಂಧೀಜಿ ಕಾಲದ್ದಲ್ಲ, ಅಲ್ಲಿಗೆ ವ್ಯವಹಾರ ಮುಗಿಯಿತು. ಹೊಳೆಯದಿದ್ದ ಮಾತ್ರಕ್ಕೆ ಅಸಲಿಯೆಂದು ಕುಣಿಯಬೇಡ. ಹಳೆಯ ಫೋಟೋ ಸಂಪಾದಿಸಿ ಹೊಸದಾಗಿ ಸಹಿ ಮಾಡುವವರೂ ಇದ್ದಾರೆ.

ಅಕ್ಷರವನ್ನು ಹೋಲಿಸಿ ನೋಡಿದೆ, ತಾಳೆಯಾಯಿತು ಎಂದಿದ್ದೀಯೆ. ಯಾವ ಕೈಯ ಅಕ್ಷರಕ್ಕೆ ಹೋಲಿಸಿದೆ? 1909ರಲ್ಲಿ ಕಿಲ್ಡೋನನ್ ಕ್ಯಾಸಲ್ ಹಡಗಿನಲ್ಲಿ ‘ಹಿಂದ್ ಸ್ವರಾಜ್’ ಬರೆಯುವಾಗ ಬಲಗೈ ಸೋತಾಗ ಎಡಗೈಯಲ್ಲಿ ಮುಂದುವರಿಸಿದವರು ಅವರು. 1931ರಲ್ಲಿ ಕಾಂಗ್ರೆಸ್ ಮುಖಂಡ ಮದನಮೋಹನ ಮಾಳವೀಯರೊಡನೆ ನಡೆದುಬರುತ್ತಿರುವ ಅವರ ಸಹಿಯ ಫೋಟೋ ಒಂದು 2018ರಲ್ಲಿ ಬೋಸ್ಟನ್ನಿನ ಹರಾಜಿನಲ್ಲಿ 40,000 ಡಾಲರಿಗೂ ಮಿಕ್ಕ ಬೆಲೆಗೆ ಹೋಯಿತು. ಆ ದಿನಗಳಲ್ಲಿ ಬಲಗೈ ಹೆಬ್ಬೆರಳಿನ ನೋವಿನಿಂದ ಅವರು ಎಡಗೈಯಲ್ಲೇ ಬರೆಯುತ್ತಿದ್ದರು. ಆದ್ದರಿಂದ ಮೊಬೈಲಿನಲ್ಲಿ ಒಂದು ಮಾದರಿಯನ್ನು ಪಕ್ಕದಲ್ಲಿಟ್ಟುಕೊಂಡು ನಾನಾಗಲಿ ನೀನಾಗಲಿ ತೀರ್ಪು ಕೊಡುವುದು ಆಗದ ಮಾತು. ಮಾರುವವರೇ ಅಚ್ಚು ಹಾಕಿಸಿ ಕೊಡುವ ‘ಅಸಲಿ’ ಎಂಬ ಪ್ರಮಾಣಪತ್ರಕ್ಕಂತೂ ನಾನು ಮೂರು ಕಾಸಿನ ಬೆಲೆ ಕೊಡುವುದಿಲ್ಲ.

ಮುಂದೆ ವಿದೇಶದ ಹರಾಜಿಗೆ ಕಳಿಸಿದರೆ ಹಾಕಿದ ಹಣ ಹಲವು ಪಟ್ಟಾಗಿ ಬರುತ್ತದೆಂಬ ನಿನ್ನ ಲೆಕ್ಕವನ್ನು ಇಂದೇ ಬಿಟ್ಟುಬಿಡು. ಚಾರಿತ್ರಿಕ ಮಹತ್ವವಿರುವ, 75 ವರ್ಷ ದಾಟಿದ ದಾಖಲೆಗಳನ್ನೂ 1972ರ ಪುರಾತನ ವಸ್ತುಗಳ ಕಾಯಿದೆ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ಅಂಥವನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಗಾಂಧೀಜಿ ತೀರಿಕೊಂಡದ್ದು 1948ರ ಜನವರಿಯಲ್ಲಾದ್ದರಿಂದ ಅವರ ಯಾವ ಸಹಿಯೂ ಈಗ ಆ ವಯಸ್ಸಿನ ಈಚೆಗಿಲ್ಲ. 2009ರಲ್ಲಿ ವಿಜಯ್ ಮಲ್ಯ ನ್ಯೂಯಾರ್ಕಿನಲ್ಲಿ 18 ಲಕ್ಷ ಡಾಲರಿಗೆ ಕೊಂಡ ಕನ್ನಡಕ, ಚಪ್ಪಲಿ, ಗಡಿಯಾರಗಳ ಉದಾಹರಣೆ ನಿನಗೆ ನೆರವಾಗದು. ಅವು ಮೊದಲೇ ಹೊರದೇಶದಲ್ಲಿದ್ದ ವಸ್ತುಗಳು. ನೋಡಿ ಸಂತೋಷಪಡಲೆಂದೇ ಕೊಳ್ಳುವುದಾದರೆ ಅದು ಬೇರೆ ಮಾತು, ಆಗ ಎಷ್ಟು ಹಣ ಹಾಕಬಹುದೆಂಬುದನ್ನು ನೀನೇ ಬಲ್ಲೆ.

ಸದ್ಯಕ್ಕೆ ಮುಂಗಡವೆಂದು ಒಂದು ರೂಪಾಯಿಯನ್ನೂ ಕೊಡಬೇಡ. ಫೋಟೋದ ಹಿಂಬದಿಯ ಚಿತ್ರವನ್ನು ತರಿಸಿಕೊಂಡು ನನಗೆ ಕಳಿಸು. ಬೆಳಗಾವಿಯ ಕಥೆಯನ್ನು ಮಾರುವವರು ತಮ್ಮ ಕೈಬರಹದಲ್ಲಿ ದಿನಾಂಕ ಹಾಕಿ ಬರೆದುಕೊಡಲಿ. ಅಷ್ಟಕ್ಕೇ ಹಿಂದೆಮುಂದೆ ನೋಡಿದರೆ ನಾವು ಬೇರೇನನ್ನೂ ಪರೀಕ್ಷಿಸಬೇಕಾಗಿಲ್ಲ. ಎಲ್ಲವೂ ಸರಿಹೋಗಿ ನೀನು ಕೊಂಡೇಬಿಟ್ಟರೆ, ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡ, ಬಿಸಿಲು ಬೀಳುವ ಗೋಡೆಗೂ ತೂಗುಹಾಕಬೇಡ.

ಅಕ್ಕನಿಗೂ ಭಾವನವರಿಗೂ ನನ್ನ ನಮಸ್ಕಾರ ತಿಳಿಸು.

ಇತಿ ಆಶೀರ್ವಾದಗಳು,
ನಿನ್ನ ಸೋದರಮಾವ